ಹೊತ್ತು ಮುಳುಗುವ ಮುಂಚಿನ ಅರ್ಧ ತಾಸು

ಗಿರಿಜವ್ವ ಪೆಟ್ಟಿಗೆಯನ್ನು ಬೋರಲು ಹಾಕಿದಳು. ಬಾವಿಯ ರಾಡಿಯ ಜೊತೆ ಬಂಗಾರದ ಬೋರಮಾಳ ಸರ ಬಿತ್ತು, ಬುಗಡಿ ಬಿದ್ದವು, ಬೆಳ್ಳಿಯ ಕಡಗವೊಂದು ಉರುಳಿ ನನ್ನ ಕಾಲ ಹತ್ತಿರ ಬಂದು ನಿಂತಿತು. ಅವಳು ಯಾವುದನ್ನೂ ಮುಟ್ಟಲಿಲ್ಲ. ಪೆಟ್ಟಿಗೆಯೊಳಗೆ ಕೈ ಹಾಕಿ ಮೂಲೆ ಮೂಲೆ ತಡವಿದಳು.

"ಪತ್ರ ಎಲ್ಲಿ ಐತ್ರಿ, ಜಮಾದಾರ್ರ?"

ಬಸ್ತಿ ಓಣಿಯ ಅರ್ಧ ಮಂದಿ ಬಾವಿಯ ಸುತ್ತ ನಿಂತಿದ್ದರು. ಯಾರದೋ ಕೊಡ ಬಿದ್ದಿದೆಯೆಂದು ಪಾತಾಳಗರಡಿ ಇಳಿಸಿದರೆ, ಕೊಡದ ಬದಲು ಈ ಕಪ್ಪು ಪೆಟ್ಟಿಗೆ ಕೊಕ್ಕೆಗೆ ಸಿಕ್ಕಿ ಮೇಲೆ ಬಂದಿತ್ತು. ಐದು ವಾರದ ಹಿಂದೆ, ವಿಶ್ವಕಪ್ಪಿನಲ್ಲಿ ಪಾಕಿಸ್ತಾನದ ಜೊತೆ ನಮ್ಮ ಮ್ಯಾಚು ನಡೆದ ಸಂಜೆ, ಇಡೀ ಓಣಿ ತಾತ್ಯಾಸಾಹೇಬರ ಕಲರ್ ಟಿವಿಯ ಮುಂದೆ ಕೂತಿದ್ದಾಗ ಗಿರಿಜವ್ವನ ಮನೆಯಿಂದ ಕಳುವಾದ ಪೆಟ್ಟಿಗೆ. ಕೇಬಲ್ಲಿನ ಕಾಮಣ್ಣನೇ ಕಳ್ಳ ಎಂದು ಬೆರಳು ತೋರಿಸಿ ಅವನನ್ನು ಜೈಲಿಗೆ ಕಳಿಸಿದವನು ನಾನು, ಪೊಲೀಸ್ ಖಾತೆಯ ನಿವೃತ್ತ ಜಮಾದಾರ ಮುರಗೆಪ್ಪ.

ಪೆಟ್ಟಿಗೆಯ ಬೀಗ ಮುರಿದಿತ್ತು. ಬಂಗಾರವೆಲ್ಲ ಇತ್ತು. ಗಿರಿಜವ್ವನ ಮಗ ಬರೆದ ಪತ್ರ ಮಾತ್ರ ಇರಲಿಲ್ಲ.

ಕಾಮಣ್ಣನ ತಾಯಿ ತಾರವ್ವ ಜನರನ್ನು ಸರಿಸಿಕೊಂಡು ಮುಂದೆ ಬಂದಳು. ಬಂಗಾರವನ್ನು ನೋಡಿದಳು, ನನ್ನನ್ನು ನೋಡಿದಳು.

"ಬಂಗಾರ ಕದ್ದ ಬಾವ್ಯಾಗ ಒಗ್ಯಾಕ ನನ್ನ ಮಗಗೇನ ಹುಚ್ಚ ಹಿಡದಿತ್ತೇನ್ರಿ? ಕಂಬ ಹತ್ತಾಂವ ಅದಾನ ಅವ, ಗ್ವಾಡಿ ಹಾರಾಂವ ಅಲ್ಲ."

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುತ್ತಾರಲ್ಲ, ಹಾಗೆ ನಿಂತಿದ್ದೆ. ಕಳ್ಳನಾದವನು ಬಂಗಾರವನ್ನು ನೀರಿಗೆ ಹಾಕಿ ಕಾಗದವನ್ನು ಇಟ್ಟುಕೊಳ್ಳುತ್ತಾನೆಯೇ? ಕಳ್ಳನಿಗೆ ಬೇಕಾಗಿದ್ದುದು ಪತ್ರವೇ. ಪೆಟ್ಟಿಗೆಗೆ ಬೀಗವಿತ್ತೆಂದು ಪೆಟ್ಟಿಗೆಯನ್ನೇ ಹೊತ್ತೊಯ್ದಿದ್ದ.

"ಬಂಗಾರ ಒಯ್ದ ಹೊಳಿಗೆ ಹಾಕ್ರಿ," ಎಂದಳು ಗಿರಿಜವ್ವ. "ನನ್ನ ಮಗ ಏನ ಬರದಿದ್ದ, ಅಷ್ಟ ಬೇಕ ನನಗ."

"ಹುಡುಕಿ ಕೊಡ್ತೀನಿ, ಗಿರಿಜವ್ವಾ. ಒಂದ ಅಕ್ಷರ ಬಿಡದ ಓದ್ತೀನಿ."

ಅವಳು ನನ್ನ ಮುಖವನ್ನು ಒಂದು ಥರಾ ನೋಡಿದಳು.

*

ಆ ವರ್ಷ ಯುದ್ಧ ಕೃಷ್ಣೆಯ ದಂಡೆಯ ನಮ್ಮ ಉಗಾರಕ್ಕೂ ಬಂದಿತ್ತು. ಬೇಳೆ ತುಟ್ಟಿಯಾದರೆ ಯುದ್ಧ, ರೇಷನ್ ಅಂಗಡಿಯಲ್ಲಿ ಸೀಮೆಎಣ್ಣೆ ಸಿಗದಿದ್ದರೆ ಯುದ್ಧ. ಚಹಾಕ್ಕೆ ಎಂಟಾಣೆ ಏರಿಸಿದ ಹೋಟೆಲಿನವನು ಕೂಡ, "ಗಡಿಯಾಗ ಪರಿಸ್ಥಿತಿ ಬರೋಬರಿ ಇಲ್ರಿ," ಎನ್ನುತ್ತಿದ್ದ, ಗಡಿಯಿಂದಲೇ ಹಾಲು ತರಿಸುವವನ ಹಾಗೆ. ಸಕ್ಕರೆ ಕಾರ್ಖಾನೆಯ ಹಂಗಾಮು ಮುಗಿದು ಸುಮ್ಮನೆ ನಿಂತಿದ್ದ ಟ್ರ್ಯಾಕ್ಟರುಗಳ ಮುಂದೆಲ್ಲ ಬಾವುಟ. ಕ್ಯಾಸೆಟ್ ಅಂಗಡಿಯಲ್ಲಿ ಬೆಳಗಿನಿಂದ ಸಂಜೆತನಕ ದೇಶಭಕ್ತಿಯ ಹಾಡು, ಕನ್ನಡದ್ದು ಒಂದು, ಮರಾಠಿಯದು ಒಂದು, ಹಿಂದಿಯದು ಎರಡು. ಓಣಿಯ ಹುಡುಗರು ತಿಪ್ಪೆಗೆ ಟೈಗರ್ ಹಿಲ್ ಎಂದು ಹೆಸರಿಟ್ಟು ದಿನಾ ಗೆಲ್ಲುತ್ತಿದ್ದರು. ಪಾಕಿಸ್ತಾನದವನಾಗಲು ಯಾರೂ ಒಪ್ಪದೆ ದಿನಾ ಹೊಡೆದಾಟವೂ ಆಗುತ್ತಿತ್ತು.

ಇವೆಲ್ಲದರ ನಡುವೆ ಖರೆ ಯುದ್ಧ ಇದ್ದುದು ಒಂದೇ ಮನೆಯಲ್ಲಿ. ಗಿರಿಜವ್ವನ ಒಬ್ಬನೇ ಮಗ ಜಕ್ಕಪ್ಪ ಮೇಲಿನ ಹಿಮದಲ್ಲಿದ್ದ. ಗಂಡ ಲಗಮಣ್ಣ ಹದಿನೈದು ವರ್ಷದ ಹಿಂದೆ ಕೃಷ್ಣೆಯ ಪಾಲಾದವನು. "ಕಾಲು ಜಾರಿ ನದಿಗೆ ಬಿದ್ದು" ಎಂದು ಪಂಚನಾಮೆ ಬರೆದವನೂ ನಾನೇ. ಆ ಮನೆಗೆ ಬರುವ ಪತ್ರಗಳನ್ನು ನಾನು ಓದಿ ಹೇಳುತ್ತಿದ್ದುದಕ್ಕೆ ಅದೂ ಒಂದು ಕಾರಣ.

ಗಿರಿಜವ್ವನಿಗೆ ಅಕ್ಷರ ಬರುವುದಿಲ್ಲ. ಯುದ್ಧ ಶುರುವಾದ ಮೇಲೆ ಪತ್ರ ಬಂತೆಂದರೆ ಓಣಿಯ ಹೆಣ್ಣುಮಕ್ಕಳು ಮೊರದಲ್ಲಿ ಜೋಳ ಹಾಕಿಕೊಂಡು ಅವಳ ಅಂಗಳಕ್ಕೆ ಬರುತ್ತಿದ್ದರು. ಕಲ್ಲು ಆರಿಸುತ್ತ ಕೇಳುತ್ತಿದ್ದರು. ನಾನು ಗಂಟಲೆತ್ತಿ ಓದುತ್ತಿದ್ದೆ. ಗುಂಡು ಬಿದ್ದದ್ದು, ಪಕ್ಕದ ಹುಡುಗ ಸತ್ತದ್ದು ಬಂದರೆ ಆ ಸಾಲನ್ನು ಬಿಟ್ಟು, "ನಾ ಆರಾಮ ಅದೀನಿ, ಚಿಂತಿ ಮಾಡಬ್ಯಾಡ," ಎಂಬುದನ್ನೇ ಎರಡು ಸಲ ಓದುತ್ತಿದ್ದೆ. ತಾಯಿ ಕರುಳು, ಯಾಕೆ ಸುಡಬೇಕು ಎಂದು ನನ್ನ ಲೆಕ್ಕ.

ಮ್ಯಾಚಿನ ದಿನ ನಾಲ್ಕರ ಸುಮಾರಿಗೆ ಅವಳು ಆಗ ತಾನೇ ಬಂದ ಪತ್ರ ಹಿಡಿದುಕೊಂಡು ತಾತ್ಯಾಸಾಹೇಬರ ಪಡಸಾಲೆಗೆ ಬಂದಳು. "ಮ್ಯಾಚ್ ಮುಗೀಲಿ, ಎಲ್ಲಿ ಓಡಿ ಹೊಕ್ಕೈತಿ ಅದು," ಎಂದೆ, ಮುಖ ಕೂಡ ತಿರುಗಿಸದೆ. ಎರಡು ಓವರ್ ನಿಂತಳು. ಮನೆಗೆ ಹೋಗಿ ಪತ್ರವನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ ಬಂದು ಹೆಂಗಸರ ನಡುವೆ ಕೂತಳು. ನಮ್ಮವರ ಬ್ಯಾಟಿಂಗು ಮುಗಿದ ಮೇಲೆ ದೀಪ ಹಚ್ಚಲೆಂದು ಹೋದರೆ ಪೆಟ್ಟಿಗೆ ಇಲ್ಲ.

ಹನ್ನೊಂದು ದಿನಕ್ಕೆ ಜಕ್ಕಪ್ಪ ಬಂದ. ಬಾವುಟ ಹೊದಿಸಿದ ಪೆಟ್ಟಿಗೆಯಲ್ಲಿ ಬಂದ. ಸಾಲೆಯ ಹುಡುಗರು ಸಾಲಾಗಿ ನಿಂತು ಹೂ ಚೆಲ್ಲಿದರು, ಸುತ್ತಲ ಹತ್ತು ಹಳ್ಳಿಯ ಜನ ಸೇರಿತ್ತು.

ಆ ಪತ್ರ ಓದುವುದು ಐದು ನಿಮಿಷದ ಕೆಲಸವಾಗಿತ್ತು. ಮ್ಯಾಚು ಗೆದ್ದೆವು. ಯಾರು ಎಷ್ಟು ರನ್ ಹೊಡೆದರು ಎಂಬುದು ಈಗ ನನಗೆ ನೆನಪಿಲ್ಲ. ಪತ್ರ ಹಿಡಿದು ನಿಂತಿದ್ದ ಅವಳ ಕೈ ಮಾತ್ರ ನಿದ್ದೆಯಲ್ಲೂ ಕಾಣುತ್ತದೆ.

*

ಬಾವಿಯ ಸುದ್ದಿ ಠಾಣೆಗೆ ಹೋಯಿತು. ಫೌಜದಾರರು ನಕ್ಕರು. "ಹೆದರಿ ಒಗದಾನ್ರಿ. ನಿಮ್ಮ ಪಟ್ಟಿಯೊಳಗ ಹೊರಗಿದ್ದಾಂವ ಅವನೊಬ್ಬನ ಅಲ್ಲ?"

ಪಟ್ಟಿ. ಆ ಸಂಜೆ ಪಡಸಾಲೆಯಲ್ಲಿದ್ದವರ ಹೆಸರನ್ನೆಲ್ಲ ನಾನೇ ಬರೆದುಕೊಟ್ಟಿದ್ದೆ. ಎಲ್ಲರನ್ನೂ ಬೇರೆ ಬೇರೆಯಾಗಿ ಕೇಳಿದ್ದೆ. ನಮ್ಮವರ ಬ್ಯಾಟಿಂಗು ಮುಗಿಯುವತನಕ ಯಾರು ಎದ್ದು ಹೋದರು? ಎಲ್ಲರದೂ ಒಂದೇ ಉತ್ತರ: ಯಾರೂ ಇಲ್ಲ. ಚಿತ್ರ ಕುಣಿಯತೊಡಗಿದಾಗ ಕಾಮಣ್ಣ ಒಬ್ಬನೇ ವಾಯರ್ ಸರಿ ಮಾಡಲು ಹೊರಗೆ ಹೋಗಿದ್ದ. ಕಂಬ ಹತ್ತಿ ನಮಗೆ ಮ್ಯಾಚು ತೋರಿಸಿದವನನ್ನೇ ನಾನು ಹಿಡಿದುಕೊಟ್ಟಿದ್ದೆ. ನಾಳೆ ಮಣ್ಣೆತ್ತಿನ ಅಮಾವಾಸ್ಯೆ, ನಾಡಿದ್ದು ಅವನ ಜಾಮೀನಿನ ಅರ್ಜಿ. ಈ ಪಟ್ಟಿ ಇರುವತನಕ ಅವನು ಹೊರಗೆ ಬರುವಂತಿರಲಿಲ್ಲ.

ಸಂಜೆ ಎಂದಿನಂತೆ ಬಾಪುಸಾಹೇಬನ ಮನೆಗೆ ಹೋದೆ. ಬಾಪು ನನ್ನ ಸಾಲೆಯ ಗೆಳೆಯ, ಕಬ್ಬು ದ್ರಾಕ್ಷಿ ಎರಡೂ ಇರುವ ಜೈನರ ಮನೆತನ, ಒಂದು ಇರುವೆಯನ್ನೂ ತುಳಿಯದೆ ನಡೆಯುವ ಮನುಷ್ಯ. ಅವನ ಮಗಳು ಸುಗಂಧಾ ಮನೆಯ ಮುಂದಿನ ಕೋಣೆಯಲ್ಲಿ ಎಸ್‌ಟಿಡಿ ಬೂತ್ ಇಟ್ಟಿದ್ದಳು. ಕಟ್ಟೆಯ ಮೇಲೆ ಕೂತು ನಾನು ಪೇಪರ್ ಓದುವುದು, ಅವನು ಕೇಳುವುದು, ಮೂವತ್ತು ವರ್ಷದ ರೂಢಿ.

ಓದಿದೆ. ಗಡಿಯಿಂದ ವೈರಿಗಳು ಹಿಂದೆ ಸರಿಯುತ್ತಿದ್ದಾರೆ, ಯುದ್ಧ ಮುಗಿಯುತ್ತ ಬಂತು ಎಂದು ದೊಡ್ಡ ಅಕ್ಷರದಲ್ಲಿ ಬಂದಿತ್ತು. "ತಿಂಗಳ ಮೊದಲ ಮುಗದಿದ್ರ ಜಕ್ಕಪ್ಪ ಉಳೀತಿದ್ದ ನೋಡ, ಬಾಪು," ಎಂದೆ. ಉತ್ತರ ಬರಲಿಲ್ಲ. ಇನ್ನೊಂದು ಸುದ್ದಿ ಓದಿದೆ. ಪುಟ ಮಗುಚಿದೆ.

ಎದುರಿನ ಕುರ್ಚಿ ಖಾಲಿಯಾಗಿತ್ತು.

ಒಳಗೆ ತಾಟು ಸದ್ದು ಮಾಡಿತು. ಹೌದಲ್ಲ, ಬಾಪುವಿನ ಹೆಂಡತಿ ಲಕ್ಷ್ಮಿಬಾಯಿ ಬಾಗಿಲಿಗೆ ಬಂದು, "ಏಳ್ರಿ, ಹೊತ್ತು ಮುಳಗಾಕ ಬಂತು," ಎಂದಿದ್ದರು. ನನ್ನ ಕಿವಿ ಅದನ್ನು ಕೇಳಿತ್ತು. ಬಾಪು ಎದ್ದು ಹೋದುದನ್ನು ನನ್ನ ಕಣ್ಣು ಕಂಡಿತ್ತು. ಆದರೂ ನಾನು ಖಾಲಿ ಕುರ್ಚಿಗೆ ಒಂದೂವರೆ ಪುಟ ಓದಿ ಹೇಳಿದ್ದೆ.

ಪೇಪರ್ ನನ್ನ ಕೈಯಲ್ಲೇ ಉಳಿಯಿತು.

ಜೈನರು ಹೊತ್ತು ಮುಳುಗುವ ಮುಂಚೆ ಉಣ್ಣುತ್ತಾರೆ. ಹುಟ್ಟಿದಾಗಿನಿಂದ ನೋಡಿದ್ದೇವೆ. ಮದುವೆಯಿರಲಿ, ಪಂಚಾಯಿತಿ ಇರಲಿ, ಆ ಹೊತ್ತಿಗೆ ಅವರು ಎದ್ದು ಹೋಗುತ್ತಾರೆ, ಉಂಡು ಬಂದು ಮತ್ತೆ ಕೂಡುತ್ತಾರೆ. ಅದನ್ನು ನಮ್ಮ ಸೀಮೆಯಲ್ಲಿ ಯಾರೂ ಎದ್ದು ಹೋದರು ಎನ್ನುವುದಿಲ್ಲ. ಬೇರೆ ಊರಿನ ಪೊಲೀಸನಿದ್ದರೆ ಮೊದಲ ದಿನವೇ ಕೇಳುತ್ತಿದ್ದ. ನಾನು ಇಲ್ಲಿಯವನು, ಪಟ್ಟಿಯಲ್ಲಿ "ಬಾಪುಸಾಹೇಬ, ಹಾಜರು" ಎಂದು ಬರೆದಿದ್ದೆ.

ಮ್ಯಾಚಿನ ಸಂಜೆ ನಮ್ಮವನೊಬ್ಬ ಸಿಕ್ಸರ್ ಹೊಡೆದಾಗ ಖುಷಿಗೆ ಪಕ್ಕದಲ್ಲಿ ಕೂತಿದ್ದ ಬಾಪುವಿನ ತೊಡೆಗೆ ಹೊಡೆಯಲು ಕೈ ಬೀಸಿದ್ದೆ. ಕೈಗೆ ಸಿಕ್ಕಿದ್ದು ಜಮಖಾನೆ.

ಎದ್ದು ಅಡಿಗೆಮನೆಯ ಬಾಗಿಲಿಗೆ ಹೋದೆ. ಬಾಪು ಮಣೆಯ ಮೇಲೆ ಕೂತು ಉಣ್ಣುತ್ತಿದ್ದ.

"ವೈನಿ," ಎಂದೆ, ಹಗುರವಾಗಿ. "ಮ್ಯಾಚಿನ ದಿನ ಇಂವ ಏನ ಉಂಡಿದ್ದ?"

ಲಕ್ಷ್ಮಿಬಾಯಿ ನಕ್ಕರು. "ಎಲ್ಲೀದ ಊಟರಿ ಅಣ್ಣಾರ! ಅವತ್ತ ಉಪಾಸ. ಹೆಸರಬ್ಯಾಳಿ ಆಮಟಿ ಮಾಡಿ ಬಾಗಲದಾಗ ನಿಂತ ದಾರಿ ನೋಡಿದ್ನಿ. ಮ್ಯಾಚ್ ಬಿಟ್ಟ ಎದ್ದಿರಾಕಿಲ್ಲ ಅಂದಕೊಂಡೆ. ಹೊತ್ತ ಮುಳಗಿದ ಮ್ಯಾಲ ಬಂದ್ರು, ನೀರೂ ಮುಟ್ಟಲಿಲ್ಲ."

ಬಾಪುವಿನ ಕೈ ತಾಟಿನಲ್ಲೇ ನಿಂತಿತು.

ಪಡಸಾಲೆಯಲ್ಲಿದ್ದ ನಾವು ಅವನು ಉಣ್ಣಲು ಹೋದನೆಂದು ತಿಳಿದಿದ್ದೆವು. ಮನೆಯವರು ಪಡಸಾಲೆಯಲ್ಲಿದ್ದಾನೆಂದು ತಿಳಿದಿದ್ದರು. ಆ ಅರ್ಧ ತಾಸು ಬಾಪುಸಾಹೇಬ ಎಲ್ಲಿಯೂ ಇರಲಿಲ್ಲ.

ಅವನು ನನ್ನನ್ನು ನೋಡಲಿಲ್ಲ. ತಾಟಿನಲ್ಲಿ ಉಳಿದುದನ್ನು ನಿಧಾನ ಉಂಡು ಮುಗಿಸಿದ. ತಾಟಿಗೆ ನೀರು ಹಾಕಿ ತೊಳೆದು ಆ ನೀರನ್ನೂ ಕುಡಿದ. ಅನ್ನದ ಒಂದು ಅಗುಳನ್ನೂ ಕೆಡಿಸದ ಮನುಷ್ಯ ಇನ್ನೊಬ್ಬಳ ಮಗನನ್ನು ಐದು ವಾರ ಜೈಲಿನಲ್ಲಿ ಕೂಡಿಸಿದ್ದ. ನನಗೆ ಸಿಟ್ಟು ಬರಬೇಕಿತ್ತು. ಅವನು ಕೈ ತೊಳೆಯುವತನಕ ಬಾಗಿಲಲ್ಲೇ ಕಾದೆ.

"ಮ್ಯಾಲ ನಡಿ," ಎಂದ.

*

ಮೇಲಿನ ಕೋಣೆಯಲ್ಲಿ ಶಾಸ್ತ್ರದ ಪುಸ್ತಕಗಳನ್ನು ಕೆಂಪು ಬಟ್ಟೆಯಲ್ಲಿ ಕಟ್ಟಿ ಇಟ್ಟಿರುತ್ತಾರೆ. ಬಾಪು ಗಂಟು ಬಿಚ್ಚಿ ನಡುವಿನಿಂದ ಒಂದು ಲಕೋಟೆ ತೆಗೆದ. ಒಡೆದ ಲಕೋಟೆ.

"ಯಾಕ, ಬಾಪು?"

"ಸುಗಂಧಾನ ಸಲುವಾಗಿ. ಜಕ್ಕಪ್ಪನ ಫೋನ ಬಂದ್ರ ಗಿರಿಜವ್ವನ ಕರಿಯೂಕಿಂತ ಮೊದಲ ಈಕಿ ಐದ ಮಿನಿಟ ನಕ್ಕೋತ ಮಾತಾಡ್ತಿದ್ಲು. ಎರಡ ವರಾ ಬ್ಯಾಡ ಅಂದ್ಲು. ನನ್ನ ತಲ್ಯಾಗ ಹುಳ ಹೊಕ್ಕಿತು. ನೀ ಅಂಗಳದಾಗ ಕುಂತ ಗಂಟಲ ಹರಕೊಂಡ ಓದಾಂವ, ಓಣಿ ಹೆಣಮಕ್ಕಳೆಲ್ಲ ಕೇಳಾವ್ರು. ಪತ್ರದಾಗ ನನ್ನ ಮಗಳ ಹೆಸರ ಬಂದಿದ್ರ? ಮೊದಲ ನಾ ನೋಡಿ, ಮತ್ತ ಅಲ್ಲೇ ಇಟ್ಟ ಬರೂನು ಅಂತ ಹೋದೆ. ಬೀಗ ಇತ್ತು."

"ಹೆಸರ ಬಂದೈತೇನು?"

"ಬಂದೈತಿ." ಅವನು ನಗಲು ನೋಡಿದ, ಮುಖ ಸೊಟ್ಟಗಾಯಿತು. "ಸುಗಂಧಕ್ಕ ಅಂತ ಬರದಾನ. ಅಕ್ಕ ಅಂತ."

ಕೆಳಗೆ ಬೂತಿನಲ್ಲಿ ಸುಗಂಧಾ ಯಾರಿಗೋ ಪುಣೆಯ ಕೋಡ್ ನಂಬರ್ ಹೇಳುತ್ತಿದ್ದುದು ಕೇಳಿಸುತ್ತಿತ್ತು.

"ಅಂದ ರಾತ್ರೀನ ತಿಳೀತು ನಿನಗ. ಬೆಳಿಗ್ಗಿ ಯಾಕ ತಿರುಗಿ ಕೊಡಲಿಲ್ಲೋ? ಕಾಮಣ್ಣ ಏನ ಮಾಡಿದ್ದ ನಿನಗ? ತಾರವ್ವ ದಿನಾ ನನ್ನ ಕಟ್ಟಿ ಮ್ಯಾಲ ಬಂದ ಕುಂದರತಾಳ."

"ಮೂರ ಸಲ ಹೊಂಟಿದ್ನಿ," ಎಂದ ಬಾಪು. "ಮುರಗ್ಯಾ, ಪತ್ರ ಒಯ್ದಿದ್ದು ನನ್ನ ಸಲುವಾಗಿ. ಇಟಗೊಂಡಿದ್ದು ನಿನ್ನ ಸಲುವಾಗಿ."

ನನಗೆ ತಿಳಿಯಲಿಲ್ಲ. ಅವನ ಕೈಯಿಂದ ಲಕೋಟೆ ಕಿತ್ತುಕೊಂಡೆ. ಎರಡು ಹಾಳೆ, ಪೆನ್ಸಿಲಿನಲ್ಲಿ ಬರೆದದ್ದು. ಜಕ್ಕಪ್ಪನ ಗುಂಡನೆಯ ಅಕ್ಷರ. ಆ ಅಕ್ಷರಗಳನ್ನು ನಾನೇ ಅವನ ಕೈ ಹಿಡಿದು ತಿದ್ದಿಸಿದ್ದೆ.

"ಮುರಗೆಪ್ಪ ಕಾಕಾ, ನೀವು ಓದಾಕತ್ತಿದ್ರ ಇಲ್ಲಿಗೇ ನಿಂದರ್ರಿ. ನೀವು ಬಿಟ್ಟ ಬಿಟ್ಟ ಓದ್ತೀರಿ ಅನ್ನೂದು ನಾ ರಜಾಕ್ಕ ಬಂದಾಗ ಗೊತ್ತಾತು. ಸಿಟ್ಟ ಇಲ್ರಿ ನನಗ. ಆದ್ರ ಈ ಸಲ ಏನೂ ಬಿಡಾಂಗಿಲ್ಲ. ಮುಂದ ಬರದಿದ್ದು ಅಪ್ಪನ ಸುದ್ದಿ. ಸುಗಂಧಕ್ಕನ ಕಡಿಂದ ಅವ್ವಗ ಓದಿಸಿರಿ."

ನಾನು ನಿಂತೆ. ಸತ್ತ ಹುಡುಗ ಹೇಳಿದ ಮಾತು, ಅದನ್ನು ದಾಟಿ ಮುಂದಿನ ಸಾಲಿಗೆ ಕಣ್ಣು ಹಾಯಿಸುವ ಧೈರ್ಯ ನನಗಿರಲಿಲ್ಲ.

ಹದಿನೈದು ವರ್ಷದ ಹಿಂದೆ ನದಿಯ ದಂಡೆಯಲ್ಲಿ ನಾನು ಬರೆದ ಪಂಚನಾಮೆಯಲ್ಲಿ, ಲಗಮಣ್ಣನ ಒಂದು ಚಪ್ಪಲಿ ನೀರಿನಂಚಿನ ಕೆಸರಿನಲ್ಲಿ ಸಿಕ್ಕಿತು ಎಂದಿದೆ. ನಾನು ಕಂಡದ್ದು ಬೇರೆ. ಎರಡೂ ಚಪ್ಪಲಿಗಳು ಕಲ್ಲಿನ ಮೇಲೆ ಜೋಡಿಯಾಗಿ ಇದ್ದವು, ಗುಡಿಯ ಹೊರಗೆ ಬಿಟ್ಟ ಹಾಗೆ. ಸುತ್ತ ಒಂದು ಜಾರಿದ ಗುರುತೂ ಇರಲಿಲ್ಲ, ಹೆಣವೂ ಸಿಕ್ಕಿರಲಿಲ್ಲ. ಆ ಸಾಲನ್ನು ಯಾಕೆ ಬಿಟ್ಟೆ ಎಂಬುದನ್ನು ಇಂದಿನವರೆಗೆ ಹೆಂಡತಿಗೂ ಹೇಳಿಲ್ಲ.

ಬಾಪು ನನ್ನ ಭುಜದ ಮೇಲೆ ಕೈಯಿಟ್ಟ. "ಒಲಿಯಾಗ ಇನ್ನೂ ಕೆಂಡ ಐತಿ. ಇದನ್ನ ಹಾಕಿಬಿಡೂನು. ಬೆಳಿಗ್ಗಿ ನಾನ ಠಾಣೆಕ್ಕ ಹೋಗಿ ಪೆಟಗಿ ನಾ ಒಯ್ದ್ನಿ ಅಂತ ಒಪ್ಪಕೋತೀನಿ. ಪತ್ರ ಬಾವಿ ನೀರಾಗ ಕರಗಿತು ಅನ್ನೂನು. ಕಾಮಣ್ಣ ಬಿಡಗಡಿ ಆಗ್ತಾನ. ನೀನೂ ಬಿಡಗಡಿ ಆಗ್ತಿ."

ಸುಳ್ಳು ಯಾಕೆ ಹೇಳಲಿ, ಮಾತು ರುಚಿಸಿತು. ಎರಡೇ ಹಾಳೆ. ಒಂದು ಕ್ಷಣ ಸಾಕು. ಎಲ್ಲ ಸಾಲುಗಳನ್ನು ಒಂದೇ ಸಲಕ್ಕೆ ಬಿಟ್ಟುಬಿಟ್ಟರೆ ಮುಗಿಯಿತು.

ಕೆಳಗಿನಿಂದ ಗಿರಿಜವ್ವನ ದನಿ ಬಂತು. "ಜಮಾದಾರ್ರು ಇಲ್ಲೇ ಅದಾರೇನ್ರಿ?"

*

ಅವಳು ಮತ್ತು ತಾರವ್ವ ಕಟ್ಟೆಯ ಹತ್ತಿರ ನಿಂತಿದ್ದರು. ಇಬ್ಬರ ಕೈಯಲ್ಲೂ ಹೊಲದ ಕರಿ ಮಣ್ಣಿನ ಉಂಡೆ, ನಾಳಿನ ಎತ್ತು ಮಾಡಲು. ಗಂಡ ಹೋದ ಮೇಲೂ ಗಿರಿಜವ್ವ ವರ್ಷವರ್ಷವೂ ಮಣ್ಣೆತ್ತು ಮಾಡುತ್ತಿದ್ದಳು, ಮಗನ ಹೊಲ ಎಂದು. ಈಗ ಮಗನೂ ಇಲ್ಲ.

"ಸಿಕ್ತೇನ್ರಿ?"

ಲಕೋಟೆ ನನ್ನ ಅಂಗಿಯ ಒಳಗಿತ್ತು. ಬಾಪು ಮೆಟ್ಟಿಲ ಮೇಲೆ ನಿಂತಿದ್ದ. ತಾರವ್ವ ನನ್ನನ್ನೇ ನೋಡುತ್ತಿದ್ದಳು, ಐದು ವಾರದಿಂದ ನೋಡುತ್ತಿದ್ದ ಹಾಗೆ.

"ಸಿಕ್ತು," ಎಂದೆ. "ಬಾಪುನ ಹತ್ರ ಇತ್ತು. ಕಾಮಣ್ಣ ಮುಟ್ಟಿಲ್ಲ. ತಪ್ಪ ನಂದು, ತಾರವ್ವಾ. ನಾಳೆ ನಾವಿಬ್ರೂ ಠಾಣೆಕ್ಕ ಹೋಗ್ತೀವಿ."

ತಾರವ್ವ ಅಲ್ಲೇ ಕುಸಿದು ಕೂತು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಒಳಗೆ ಲಕ್ಷ್ಮಿಬಾಯಿಯ ಕೈಯಿಂದ ಏನೋ ಬಿತ್ತು. ಗಿರಿಜವ್ವ ಬಾಪುವಿನ ಕಡೆ ಒಮ್ಮೆ ನೋಡಿದಳು, ಬಯ್ಯಲಿಲ್ಲ. ಮಣ್ಣಿನ ಕೈಯನ್ನು ಸೀರೆಗೆ ಒರೆಸಿಕೊಂಡು ಕಟ್ಟೆಯ ಮೇಲೆ ಕೂತಳು.

ನಾನು ಪತ್ರ ತೆಗೆದು ಅವಳಿಗೆ ಕೊಡಲಿಲ್ಲ. ಬೂತಿನಿಂದ ಹೊರಗೆ ಬಂದಿದ್ದ ಸುಗಂಧಾಳ ಕೈಗೆ ಕೊಟ್ಟೆ. "ನಿನ್ನ ಕಡಿಂದ ಓದಸು ಅಂತ ಬರದಾನವಾ."

"ಚೊಲೊ ಆತು," ಎಂದಳು ಗಿರಿಜವ್ವ. "ಇವರು ಬಿಟ್ಟ ಬಿಟ್ಟ ಓದತಿದ್ರು. ನನಗ ಅಕ್ಷರ ಬರಾಂಗಿಲ್ಲ ಖರೆ. ಹಾಳಿ ತುಂಬ ಬರದಿದ್ದು ಎರಡ ಮಾತಿನಾಗ ಮುಗದ್ರ ತಿಳಿಯಾಂಗಿಲ್ಲೇನು? ನನಗ ಸುಖಾ ಆಗಲಿ ಅಂತ ಓದತಾರ, ಓದಲಿ ಅಂತ ಸುಮ್ಮನಿದ್ನಿ. ನೀ ಓದವ್ವಾ. ಒಂದ ಅಕ್ಷರ ಬಿಡಬ್ಯಾಡ."

ನಾನು ಹೊರಟುಹೋಗಬಹುದಿತ್ತು. ಕಟ್ಟೆಯ ತುದಿಗೆ ಕೂತೆ.

ಸುಗಂಧಾ ಮೊದಲ ಸಾಲುಗಳನ್ನು ಓದಿದಳು. "ಅಪ್ಪನ ಸುದ್ದಿ" ಎಂದಾಗ ಗಿರಿಜವ್ವ ಕತ್ತೆತ್ತಿದಳು. ಬೂತಿನ ಟ್ಯೂಬ್‌ಲೈಟಿನ ಬೆಳಕಿಗೆ ಹಾಳೆಯನ್ನು ತಿರುಗಿಸಿ ಹಿಡಿದು ಸುಗಂಧಾ ಮುಂದಿನ ಸಾಲಿಗೆ ಬಂದಳು.

"ಅವ್ವಾ, ಅಪ್ಪನ್ನ ಕಂಡೆ. ಹೋದ ತಿಂಗಳ, ಪಠಾಣಕೋಟ ಟೇಸನದಾಗ. ಮಾತಾಡಸೀನಿ. ಅಪ್ಪ ಮೊದಲ ಕೇಳಿದ್ದು ನಿನ್ನಲ್ಲ, ನನ್ನಲ್ಲ. ಮುರಗೆಪ್ಪ ಇನ್ನೂ ಅದಾನೇನು ಅಂತ ಕೇಳಿದ."

ಗಿರಿಜವ್ವನ ಕೈ ಮೆಲ್ಲಗೆ ಮೇಲೆ ಹೋಗಿ, ಹದಿನೈದು ವರ್ಷದಿಂದ ಬರಿದಾಗಿದ್ದ ತನ್ನ ಹಣೆಯನ್ನು ಮುಟ್ಟಿತು. ಹಣೆಯ ಮೇಲೆ ಕರಿ ಮಣ್ಣು ಅಂಟಿಕೊಂಡಿತು. ಆಮೇಲೆ ಅವಳು ನನ್ನ ಕಡೆ ತಿರುಗಿದಳು.